ಎಳ್ಳಮಾವಾಸ್ಯೆಯ ಇಳಿತ

ಇನ್ನು ಕೀಮೋ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ: ಎಳ್ಳಮಾವಾಸ್ಯೆಯ ಬೆಳಿಗ್ಗೆ ಕಡಲಲ್ಲಿ ಮೀಯಬೇಕು. ಕುಂದಾಪುರದ ಕಡೆ ಅವಳ ತವರಿನಲ್ಲಿ ಆ ದಿನ ಬಿಸಿಲೇರುವ ಮೊದಲು ಊರವರೆಲ್ಲ ಕಡಲಿಗಿಳಿಯುತ್ತಾರೆ. ಮದುವೆಯಾಗಿ ಮರಾಠಿ ಸೀಮೆಯ ನೆರೂಳಿಗೆ ಬಂದವಳು, ಊರಿಗಲ್ಲದಿದ್ದರೂ ಇಲ್ಲಿನ ಕಡಲಿಗಾದರೂ ಹೋಗಬೇಕೆನ್ನುತ್ತ ಮೂವತ್ತು ವರ್ಷ ಅದನ್ನು ಮುಂದೂಡುತ್ತಲೇ ಬಂದಿದ್ದಳು. ಒಂದು ವರ್ಷ ಅಪ್ಪನಿಗೆ ಕ್ಯಾಂಟೀನಿನಿಂದ ರಜೆ ಸಿಗುತ್ತಿರಲಿಲ್ಲ, ಇನ್ನೊಂದು ವರ್ಷ ನನಗೆ ಪರೀಕ್ಷೆ ಇರುತ್ತಿತ್ತು. ಮಿಂದರೆ ಗುಣವಾಗುತ್ತದೆ ಎಂದು ಅವಳೇನೂ ನಂಬಿರಲಿಲ್ಲ. ನಂಬಿದ್ದರೆ ಬೇಡ ಎನ್ನುವುದು ನನಗೆ ಸುಲಭವಾಗುತ್ತಿತ್ತು.

ಊರಿಗೆ ಹೋಗುವಂತಿರಲಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಕೂರುವುದು ಅವಳಿಂದ ಆಗದ ಮಾತು. ನಮ್ಮ ಸೆಕ್ಟರಿನ ಹಿಂದೆಯೇ ಖಾಡಿ, ಅಂದರೆ ಕಡಲು ಒಳಚಾಚಿದ ಹಿನ್ನೀರು, ಇದೆ. ಆದರೆ ಕಾಂಡ್ಲಾ ಗಿಡಗಳ ನಡುವೆ ನಿಂತ ಆ ಕಂದು ನೀರನ್ನು ಅಮ್ಮ ಯಾವತ್ತೂ ಕಡಲೆಂದು ಒಪ್ಪಿದವಳಲ್ಲ. ಕೊನೆಗೆ ಫೋನಿನಲ್ಲಿ ಹುಡುಕಿ, ಉರಣದ ಆಚೆ ಒಂದು ಸಣ್ಣ ಮೀನುಗಾರಿಕೆ ಬಂದರಿನ ಪಕ್ಕ ಗಾಳಿಮರಗಳ ಕೆಳಗೆ ಟೆಂಟ್ ಬಾಡಿಗೆಗೆ ಕೊಡುವ ಜಾಗ ಕಂಡುಕೊಂಡೆ. ಅಪ್ಪ ಇದು ಹುಚ್ಚು ಅಂದರು, ಅಂದುಕೊಂಡೇ ಬಿಸಿನೀರಿನ ಚೀಲವನ್ನೂ ದಪ್ಪ ರಜಾಯಿಯನ್ನೂ ಕಟ್ಟಿಕೊಟ್ಟರು. ಅವರಿಗೆ ಆ ಸಲವೂ ರಜೆ ಇರಲಿಲ್ಲ.

ಭರತ–ಇಳಿತದ ಪಟ್ಟಿಯನ್ನು ನಾನು ಮೊದಲೇ ನೋಡಿದ್ದೆ. ಬೆಳಿಗ್ಗೆ ನೀರು ಇಳಿದಿರುತ್ತದೆ ಎಂದು ಅದರಲ್ಲಿತ್ತು. ಅಮ್ಮನಿಗೆ ಹೇಳಿದೆ ಕೂಡ. ಅವಳು ನಕ್ಕುಬಿಟ್ಟಳು. ಇಳಿದರೆ ನಾಲ್ಕು ಮಾರು ಹಿಂದೆ ಹೋದೀತು, ಅಷ್ಟು ದೂರ ತಾನು ನಡೆಯುತ್ತೇನೆ ಎಂದಳು. ಅವಳ ಊರಿನ ಕಡಲು ಹಾಗೆಯೇ, ದಂಡೆಗೆ ಅಂಟಿಕೊಂಡೇ ಇರುವಂಥದ್ದು. ನಾನೂ ಅದನ್ನೇ ನಂಬಿದೆ. ನೀರು ಎಷ್ಟು ಎತ್ತರ ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದು ಪಟ್ಟಿಯಲ್ಲಿರುತ್ತದೆ. ಎಷ್ಟು ದೂರ ಹೋಗುತ್ತದೆ ಎಂಬುದು ಇರುವುದಿಲ್ಲ.

ಹಿಂದಿನ ರಾತ್ರಿ ಊಟ ಮುಗಿಸಿ ಟ್ಯಾಕ್ಸಿಯಲ್ಲಿ ಹೊರಟೆವು. ಆ ಜಾಗವನ್ನು ನೋಡಿಕೊಳ್ಳುತ್ತಿದ್ದುದು ಮೀನು ಹಿಡಿಯುವ ಕೋಲಿ ಸಮುದಾಯದ ಒಬ್ಬ ಹೆಂಗಸು. ಅವಳ ಮನೆಯವರ ದೋಣಿ ಅದೇ ಬಂದರಿನಲ್ಲಿತ್ತು. ಅಮ್ಮನ ತಲೆಗೆ ಕಟ್ಟಿದ್ದ ಸ್ಕಾರ್ಫು ನೋಡಿ ಶೌಚಾಲಯಕ್ಕೆ ಹತ್ತಿರದ ಟೆಂಟು ಕೊಟ್ಟಳು. ಅಮ್ಮ ಬಗ್ಗಿ ಒಳಗೆ ಇಣುಕಿದಳು. ಟೆಂಟ್ ಎಂದರೆ ಅವಳಿಗೆ ಗೊತ್ತಿದ್ದದ್ದು ಯಕ್ಷಗಾನದ ಟೆಂಟು ಮಾತ್ರ.

"ಇದೆಂತದಾ, ಇದ್ರೊಳ್ಗೆ ಒಂದ್ ವೇಷ ನಿಂತ್ರೆ ಕಿರೀಟ ಹೊರ್ಗ್ ಇರತ್ತ್" ಅಂದಳು.

ಆಗ ಕಡಲು ಹತ್ತಿರವೇ ಇತ್ತು. ದಂಡೆಯ ಕಲ್ಲುಗಳಿಂದ ಸ್ವಲ್ಪವೇ ಕೆಳಗೆ, ಬಂದರಿನ ದೀಪದ ಬೆಳಕಿನಲ್ಲಿ, ದೋಣಿಗಳು ನೀರಿನಲ್ಲಿ ಅಲುಗಾಡುತ್ತಿದ್ದವು. ಬಂದರಿನ ಕಡೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ವರ್ಷದಿಂದ ಯಾವ ವಾಸನೆಯನ್ನೂ ತಡೆದುಕೊಳ್ಳಲಾಗದ ಅಮ್ಮ ಅದನ್ನು ಮೂಗು ತುಂಬ ಎಳೆದುಕೊಂಡಳು. ಇವತ್ತೇ ಕಾಲಾದರೂ ನೆನೆಸಿಕೋ ಎಂದೆ. ಅವಳು ಒಪ್ಪಲಿಲ್ಲ. ಇವತ್ತು ಬರೀ ಚತುರ್ದಶಿ, ಮೀಯುವುದು ನಾಳೆ, ಮುಂಚಿತವಾಗಿ ಮುಟ್ಟಿ ಮುಗಿಸುವುದಲ್ಲ ಎಂದಳು. ನಾನು ಒತ್ತಾಯಿಸಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಎರಡನೇ ಸಲ ಒತ್ತಾಯಿಸುವುದಿಲ್ಲ.

ಪಕ್ಕದ ಟೆಂಟುಗಳಲ್ಲಿ ಖಾರಘರದಿಂದ ಬಂದ ಆಫೀಸಿನ ಹುಡುಗ ಹುಡುಗಿಯರಿದ್ದರು. ಅವರು ಸ್ಪೀಕರ್ ಹಚ್ಚಿದ್ದರು. ಅಮ್ಮನನ್ನು ನೋಡಿ ತಾವೇ ಸಣ್ಣದು ಮಾಡಿದರು. ಅದು ಅವಳಿಗೆ ಹಿಡಿಸಲಿಲ್ಲ. ತನ್ನನ್ನು ಕಂಡು ಜನ ದನಿ ತಗ್ಗಿಸುವುದು ಆಸ್ಪತ್ರೆಯಲ್ಲೇ ಸಾಕಷ್ಟು ಆಗಿದೆ ಎಂದಳು. ನೋವಿನ ಮಾತ್ರೆ ನುಂಗಿ ಮಲಗಿದಳು.

ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ಹಳೆಯ ಕಾಟನ್ ಸೀರೆ ಉಟ್ಟು, ಒಂದು ಚಿಟಿಕೆ ಎಳ್ಳನ್ನು ಕಾಗದದಲ್ಲಿ ಮಡಚಿ ಹಿಡಿದುಕೊಂಡಿದ್ದಳು. ಹೊರಗೆ ಬಂದಾಗ ಟೆಂಟಿನಿಂದ ಕೆಲವೇ ಹೆಜ್ಜೆ ಆಚೆ ಮರಳಿನ ಮೇಲೆ ಒದ್ದೆ ಗೆರೆ ಕಂಡಿತು. ಗಾಳಿಮರದ ಸೂಜಿಗಳು, ಚಿಪ್ಸ್ ಪ್ಯಾಕೆಟ್ಟುಗಳು, ಬಲೆಯ ತುಂಡು ಆ ಗೆರೆಗುಂಟ ಸಾಲಾಗಿ ಬಿದ್ದಿದ್ದವು. ನಾವು ನಿದ್ದೆಯಲ್ಲಿದ್ದಾಗ ಕಡಲು ಅಲ್ಲಿಯವರೆಗೆ ಬಂದು ಹೋಗಿತ್ತು.

ಕಲ್ಲುಗಳ ಕೆಳಗೆ ನೀರಿರಲಿಲ್ಲ. ಕಪ್ಪು ಕೆಸರು ಕಣ್ಣು ಹಾಯುವಷ್ಟು ದೂರ ಹರಡಿತ್ತು, ದೋಣಿಗಳು ಅದರಲ್ಲಿ ಒಂದು ಮಗ್ಗುಲಿಗೆ ವಾಲಿ ಮಲಗಿದ್ದವು. ಅದರಾಚೆ ಎಲ್ಲೋ ಸಣ್ಣ ಬಿಳಿ ಗೆರೆ ಹೊಳೆಯುತ್ತಿತ್ತು.

"ಕಡಲ್ ಎಲ್ಲ್ ಹೋಯ್ತ್ ಮಗಾ?" ಎಂದಳು ಅಮ್ಮ.

ನಾನು ಆ ಗೆರೆಯತ್ತ ಕೈ ತೋರಿಸಿದೆ. ಅವಳು ನನ್ನ ತೋಳು ಹಿಡಿದು ಇಳಿದಳು. ನಾಲ್ಕೈದು ಹೆಜ್ಜೆ ಗಟ್ಟಿ ಮರಳಿತ್ತು. ಆಮೇಲೆ ಅವಳ ಬಲಗಾಲು ಕಾಲ್ಗಂಟಿನ ತನಕ ಹೂತುಹೋಯಿತು. ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ನಾನು ಕೈಹಾಕಿ ಚಪ್ಪಲಿ ತೆಗೆಯುವಷ್ಟು ಹೊತ್ತು ಅವಳು ಒಂದೇ ಕಾಲಿನ ಮೇಲೆ, ನನ್ನ ಬೆನ್ನಿಗೆ ಕೈಯೂರಿ ನಿಂತಿದ್ದಳು. ಆ ಕೈಗೆ ಭಾರವೇ ಇರಲಿಲ್ಲ. ಎಳ್ಳಿನ ಪೊಟ್ಟಣ ಇನ್ನೊಂದು ಕೈಯಲ್ಲೇ ಇತ್ತು.

ಮೇಲಿಂದ ಆ ಹೆಂಗಸು ಕೂಗಿ, ಮಧ್ಯಾಹ್ನಕ್ಕೆ ನೀರು ಕಲ್ಲಿನವರೆಗೆ ಬರುತ್ತದೆ, ಕಾಯಿರಿ ಎಂದು ಮರಾಠಿಯಲ್ಲಿ ಹೇಳಿದಳು. ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದಳು, ಚಹಾ ತಂದಳು. ಬಿಸಿಲು ಬಂದ ಮೇಲೆ ಮಿಂದರೆ ಲೆಕ್ಕವಿಲ್ಲ ಎಂದು ಅಮ್ಮ ಒಂದೆರಡು ಸಲ ಗೊಣಗಿದಳು, ಆದರೂ ಕುಳಿತಳು. ಬಿಳಿ ಗೆರೆ ನಿಧಾನವಾಗಿ ದಪ್ಪವಾಗುತ್ತಿತ್ತು. ಅವಳು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ನೋವು ಶುರುವಾಯಿತು. ಮಾತ್ರೆ ಕೊಟ್ಟೆ, ಚಹಾದ ಜೊತೆಗೇ ವಾಂತಿಯಾಯಿತು. ಇನ್ನೊಂದು ಕೊಟ್ಟೆ, ಅದೂ ನಿಲ್ಲಲಿಲ್ಲ. ಆ ಹೆಂಗಸು ದೋಣಿ ಕಟ್ಟುವ ಧಕ್ಕೆಯ ಕಡೆ ಓಡಿದಳು. ಅಲ್ಲಿ ಯಾವಾಗಲೂ ನೀರಿರುವ ಆಳದ ಕಾಲುವೆಯಿಂದ ಒಂದು ಬಾಲ್ದಿ ತುಂಬಿಸಿ ತಂದು ಅಮ್ಮನ ಮುಂದಿಟ್ಟಳು. ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಸುತ್ತುತ್ತಿತ್ತು. ಅಮ್ಮ ಮೂಗಿನ ಹತ್ತಿರ ಕೈ ತಂದಳು.

"ಇದ್ರಲ್ಲ್ ಮಿಂದ್ರೆ ಬೆಂಕಿ ಹತ್ಕಂತ್ ಮಗಾ."

ನಾನು ನಕ್ಕೆ. ಏನೆಂದಳು ಎಂದು ಆ ಹೆಂಗಸು ಕೇಳಿದಾಗ, ಉಪಕಾರವಾಯಿತು ಎಂದಳು ಎಂದು ಹೇಳಿದೆ. ಅಮ್ಮ ಬಾಲ್ದಿಯ ಅಂಚನ್ನು ಹಿಡಿದು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ನೀರು ಮುಟ್ಟುತ್ತಾಳೆ ಎಂದುಕೊಂಡೆ. ಮುಟ್ಟಲಿಲ್ಲ.

"ಸಾಕ್, ಹೋಪ" ಎಂದಳು.

ಟ್ಯಾಕ್ಸಿ ಬರುವುದರೊಳಗೆ ನೀರು ಹೊರಗಿನ ದೋಣಿಗಳನ್ನು ಮುಟ್ಟಿತ್ತು. ಅವು ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ಅಮ್ಮ ಆ ಕಡೆ ಬೆನ್ನು ಹಾಕಿ ಹತ್ತಿದಳು. ನೆರೂಳಿಗೆ ಬರುವ ಹೊತ್ತಿಗೆ ಖಾಡಿ ತುಂಬಿಹೋಗಿತ್ತು, ಕಾಂಡ್ಲಾ ಗಿಡಗಳ ತಲೆಯಷ್ಟೇ ಮೇಲಿತ್ತು. ಅಮ್ಮನಿಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದೆ.

"ಈಗ ಬಂತ್ ಕಾಣ್" ಎಂದಳು. ತಡವಾಗಿ ಬಂದ ಕೆಲಸದವಳಿಗೆ ಹೇಳುವ ದನಿಯಲ್ಲಿ. ಮತ್ತೆ ಕಣ್ಣು ಮುಚ್ಚಿದಳು.

ಮನೆಯಲ್ಲಿ ಒದ್ದೆ ಬಟ್ಟೆಯಿಂದ ಅವಳ ಕಾಲು ಒರೆಸಿದೆ. ಬೆರಳ ಸಂದಿಯ ಕೆಸರು ಬೇಗ ಹೋಯಿತು, ಉಗುರಿನೊಳಗಿನದು ಹೋಗಲಿಲ್ಲ. ಎಳ್ಳಿನ ಪೊಟ್ಟಣವನ್ನು ಅವಳು ಎಲ್ಲಿಟ್ಟಳೋ ನಾನು ಕೇಳಲಿಲ್ಲ. ಶಿವರಾತ್ರಿಗೆ ಮೊದಲೇ ಅಮ್ಮ ಹೋದಳು.

ಆಮೇಲೆ ಒಂದು ದಿನ ಆ ಪಟ್ಟಿಯನ್ನು ಮತ್ತೆ ತೆರೆದೆ. ನಾವು ತಪ್ಪು ವರ್ಷ ಆರಿಸಿಕೊಂಡೆವೇನೋ, ಸ್ವಲ್ಪ ಮೊದಲೇ ಹೋಗಿದ್ದರೆ ಸಿಗುತ್ತಿತ್ತೇನೋ ಎಂದು ತಿಳಿಯಬೇಕಿತ್ತು. ಹಿಂದಿನ ಎಳ್ಳಮಾವಾಸ್ಯೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಒಂದೇ. ಈ ದಂಡೆಯಲ್ಲಿ ಅಮಾವಾಸ್ಯೆಯ ಬೆಳಿಗ್ಗೆ ಕಡಲು ಎಲ್ಲಕ್ಕಿಂತ ದೂರ ಹೋಗಿರುತ್ತದೆ, ನಡುರಾತ್ರಿಗೂ ನಡು ಮಧ್ಯಾಹ್ನಕ್ಕೂ ಎಲ್ಲಕ್ಕಿಂತ ಹತ್ತಿರ ಬರುತ್ತದೆ. ಅಪ್ಪನಿಗೆ ರಜೆ ಸಿಕ್ಕಿದ್ದರೂ, ನನಗೆ ಪರೀಕ್ಷೆ ಇಲ್ಲದಿದ್ದರೂ, ಅವಳು ಇಲ್ಲಿದ್ದ ಮೂವತ್ತು ವರ್ಷಗಳಲ್ಲಿ ಯಾವ ವರ್ಷ ಹೋಗಿದ್ದರೂ, ಆ ಹೊತ್ತಿಗೆ ಅಲ್ಲಿ ಕೆಸರೇ ಇರುತ್ತಿತ್ತು.