ಕತ್ತರಿ ಅಕ್ಕ ಅಳಿಸದ ಕಮೆಂಟು

ಹೊಲಿಗೆಯವರ ಆನ್‌ಲೈನ್ ಗುಂಪು ನಡೆಸುವ ಆಕೆಗೆ ಅಲ್ಲಿ ಕತ್ತರಿ ಅಕ್ಕ ಎಂದೇ ಹೆಸರು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಈಗ ಕಮೆಂಟುಗಳನ್ನೂ ಕತ್ತರಿಸುತ್ತಿತ್ತು. ಪರಿಹಾರ ಹೇಳದೆ ಬರೀ ತಮಾಷೆ ಮಾಡಿದರೆ ಮುಲಾಜಿಲ್ಲದೆ ಅಳಿಸುವುದು ಆಕೆಯ ಕಾನೂನು. "ಕಷ್ಟ ಅಂತ ಬಂದವರ ಮುಂದೆ ಹಲ್ಲು ಕಿರಿಯೋದಾ?" ಎಂದು ಗಂಡನ ಹತ್ತಿರ ಸಿಡುಕುತ್ತಿದ್ದಳು.

ಅಂದು ಮಧ್ಯಾಹ್ನ ಹೊಸ ಹುಡುಗಿಯೊಬ್ಬಳು ತಾನು ಹೊಲಿದ ಮೊದಲ ಅಂಗಿಯ ಫೋಟೊ ಹಾಕಿದಳು. ಒಂದು ತೋಳು ಒಳಮೈ ಹೊರಗಾಗಿ ಕೂತಿತ್ತು. "ನನ್ನ ಕೈಲಿ ಆಗಲ್ಲ, ಮಷೀನ್ ಮಾರಿಬಿಡ್ತೀನಿ" ಎಂದು ಬರೆದಿದ್ದಳು. ಹನ್ನೊಂದು ಜನ ಪರಿಹಾರ ಹೇಳಿದರು, ಎಲ್ಲವೂ ಸರಿಯಾದವೇ. ಹುಡುಗಿ ತುಟಿ ಪಿಟಿಕ್ಕೆನ್ನಲಿಲ್ಲ.

ಹನ್ನೆರಡನೆಯದು ಒಬ್ಬ ಹಳೆಯ ದರ್ಜಿಯದು: "ನನ್ನ ಮೊದಲ ಅಂಗಿಗೆ ತಲೆ ತೂರೋಕೆ ಜಾಗಾನೇ ಬಿಟ್ಟಿರಲಿಲ್ಲ. ನಮ್ಮಪ್ಪ ಅದಕ್ಕೆ ಹತ್ತಿ ತುಂಬಿ ದಿಂಬು ಮಾಡ್ಕೊಂಡ್ರು."

ಪರಿಹಾರದ ಸುಳಿವೇ ಇಲ್ಲ. ಅಕ್ಕ ಅಳಿಸಲು ಬೆರಳೆತ್ತುವಷ್ಟರಲ್ಲಿ ಅದರಡಿ ಹುಡುಗಿಯ ಉತ್ತರ ಬಂತು: "ಅಳ್ತಾ ಇದ್ದೋಳು ನಕ್ಕುಬಿಟ್ಟೆ. ತೋಳು ಬಿಚ್ತಾ ಇದೀನಿ."

ಅಕ್ಕ ಬೆರಳು ಹಿಂದಕ್ಕೆ ತೆಗೆದಳು. ಅದರಡಿ ತಾನೂ ಬರೆದಳು: "ಹೊಸದರಲ್ಲಿ ನಮ್ಮ ಯಜಮಾನರ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿದ್ದೆ. ಎರಡು ವರ್ಷ ಹಾಕ್ಕೊಂಡ್ರು ಪಾಪ, ಇವತ್ತಿಗೂ ಅವರಿಗೆ ಗೊತ್ತಿಲ್ಲ."

ಒಳಕೋಣೆಯಲ್ಲಿ ಗಂಡನ ಫೋನು ಟಿಂಗ್ ಎಂದಿತು. ಸೂಜಿಗೆ ದಾರ ಪೋಣಿಸಲೂ ಬಾರದ ಆ ಮನುಷ್ಯ ಈ ಗುಂಪಿಗೆ ಸೇರಿದ್ದು ಯಾವಾಗಲೋ!

"ಹಾಕ್ಕೊಂಡ ದಿನಾನೇ ಗೊತ್ತಾಗಿತ್ತು ಕಣೇ!" ಎಂದು ಅಲ್ಲಿಂದಲೇ ಕೂಗಿದ.