ಅಕ್ಕಸಾಲಿಗನ ಅರಗು

ನನಗೆ ಸಣ್ಣಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕಾಯುವುದೆಂದರೆ ಮೈಯೆಲ್ಲ ಉರಿ. ಅಕ್ಕ ಇದಕ್ಕೆ ತದ್ವಿರುದ್ಧ. ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನ ನಮ್ಮ ಹಿತ್ತಲಲ್ಲಿ, ಅವಳು ಐದು ತಿಂಗಳಿಂದ ಒಂದೇ ಗಾಜು ಉಜ್ಜುತ್ತಿದ್ದಳು. ಬಿ.ಎಸ್ಸಿ. ಮುಗಿಸಿ, ಲೈಬ್ರರಿ ಪುಸ್ತಕ ನೋಡಿಕೊಂಡು ಟೆಲಿಸ್ಕೋಪ್ ಮಾಡಲು ಹೊರಟಿದ್ದಳು ಮಹಾರಾಯಿತಿ.

ಅಪ್ಪ ತಾಂಡ್ಯದ ಫ್ಯಾಕ್ಟರಿಯಿಂದ ತಂದ ಹಳೇ ಡ್ರಮ್ಮಿಗೆ ಮರಳು ತುಂಬಿ, ಅದರ ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ ಕೂರಿಸಿ, ಮೇಲೆ ಇನ್ನೊಂದಿಟ್ಟು, ನಡುವೆ ಒರಟು ಪುಡಿ, ನೀರು ಹಾಕಿ ಉಜ್ಜುವುದು. ಉಜ್ಜುತ್ತಾ ಡ್ರಮ್ಮನ್ನು ಸುತ್ತುವುದು. ಮೇಲಿನ ಗಾಜು ನಿಧಾನವಾಗಿ ಗುಳಿ ಬೀಳುತ್ತದೆ; ಅದೇ ಮುಂದೆ ಟೆಲಿಸ್ಕೋಪಿನ ಕನ್ನಡಿ. ಆಮೇಲೆ ನುಣುಪು ಪುಡಿ, ಅದಕ್ಕಿಂತ ನುಣುಪು ಪುಡಿ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಯಾವ್ ದ್ಯಾವ್ರಿಗವ್ವಾ ಪ್ರದಕ್ಷಿಣೆ? ಗಂಡು ಸಿಕ್ಕಾಯ್ತಲ್ಲಾ!" ಎಂದು ಛೇಡಿಸುತ್ತಿದ್ದಳು.

ಗಂಡು ಸಿಕ್ಕಿದ್ದೇ ತೊಂದರೆಯಾಗಿತ್ತು. ಮೂಗೂರಿನ ತುಂಬಿದ ಮನೆ. "ಅದೆಲ್ಲಾ ನಮ್ಮನೇಲಿ ಬ್ಯಾಡ ಕಣವ್ವ" ಎಂದು ಅತ್ತೆಯಾಗುವವರು ನಗುನಗುತ್ತಲೇ ಹೇಳಿಹೋಗಿದ್ದರು. ಅಕ್ಕನಿಗಿದ್ದದ್ದು ಒಂದೇ ಆಸೆ. ಮದುವೆಗೆ ಮುಂಚೆ, ನಮ್ಮ ಹಿತ್ತಲಲ್ಲಿ ನಿಂತು, ತಾನೇ ಉಜ್ಜಿದ ಕನ್ನಡಿಯಲ್ಲಿ ಚಂದ್ರನನ್ನು ನೋಡಬೇಕು. ಮೂರು ವಾರ ಉಳಿದಿತ್ತು. ಹೊಳಪು ಕೊಡುವುದಷ್ಟೇ ಬಾಕಿ.

ಹೊಳಪಿಗೆ ರಾಳವನ್ನು ಹರಳೆಣ್ಣೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಕೆಳಗಿನ ಬಿಲ್ಲೆಗೆ ಹುಯ್ಯಬೇಕು. ಹೆಬ್ಬೆರಳ ಉಗುರು ಒತ್ತಿದರೆ ಇಷ್ಟೇ ಇಷ್ಟು ಗುರುತು ಬೀಳಬೇಕಂತೆ. ಬೀಳಲಿಲ್ಲವೆಂದು ಅಕ್ಕ ಎರಡು ಸಲ ಕಾಯಿಸಿದ್ದನ್ನು ಚೆಲ್ಲಿದಳು. ನನಗೆ ರೇಗಿಹೋಯಿತು. "ಹಿಂಗಾದ್ರೆ ನಿನ್ ಮಕ್ಳು ನೋಡ್ತಾರೆ ಚಂದ್ರನ್ನ!" ಎಂದೆ. ಅವಳು ಉಗುರು ನೋಡಿಕೊಳ್ಳುತ್ತಾ, "ನಾಡಿದ್ದು ಮತ್ತೆ ಕಾಯಿಸ್ತೀನಿ. ಅಲ್ಲೀವರ್ಗೂ ಮುಟ್ಬೇಡ" ಎಂದು, ಅಪ್ಪ ಅಮ್ಮನ ಜೊತೆ ಲಗ್ನಪತ್ರಿಕೆ ಹಂಚಲು ತಿ. ನರಸೀಪುರದ ಬಸ್ಸು ಹತ್ತಿದಳು.

ಅವಳ ಎರಡು ದಿನ ಉಳಿಸೋಣವೆಂದುಕೊಂಡೆ. ದೇವರಾಣೆಗೂ ಅಷ್ಟೇ. ಪೇಟೆಬೀದಿಯ ಅಕ್ಕಸಾಲಿಗರು ಒಡವೆ ಅಲುಗದ ಹಾಗೆ ಅರಗಿನಲ್ಲಿ ಕೂರಿಸಿ ಕೆತ್ತುವುದನ್ನು ಎಷ್ಟೋ ಸಲ ನೋಡಿದ್ದೆ. ಅದೂ ರಾಳದ್ದೇ, ಹದವಾದದ್ದು. ಹೋಗಿ ಕೇಳಿದೆ.

"ಏನಕ್ಕವ್ವಾ?"

"ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ಬಿಡಿ."

ಕೊಟ್ಟರು. ಕರಗಿಸಿ ಹುಯ್ದೆ. ಕೆಂಪು ಹೊಳಪುಪುಡಿ ಸವರಿ, ಅಕ್ಕನ ಕನ್ನಡಿಯನ್ನಿಟ್ಟು ಅರ್ಧ ಗಂಟೆ ಉಜ್ಜಿದೆ. ನಡುವೆ ಒಂದು ಕಿರ್ರೆನ್ನುವ ಸದ್ದು ಬರುತ್ತಿತ್ತು. ಬರಲಿ ಬಿಡು ಎಂದು ಇನ್ನೂ ಒತ್ತಿದೆ. ತೊಳೆದು ಬಿಸಿಲಿಗೆ ಹಿಡಿದಾಗ ಗಾಜಿನ ಉದ್ದಗಲಕ್ಕೂ ಗೀರು. 

ಉಳಿದಿದ್ದ ಅರಗಿನ ಉಂಡೆ ಹಿಡಿದು ಪೇಟೆಗೆ ಓಡಿದೆ. ಅಕ್ಕಸಾಲಿಗರು ತಲೆ ಚಚ್ಚಿಕೊಂಡರು. "ಅದ್ರಲ್ಲಿ ಇಟ್ಗೆ ಪುಡಿ ಬೆರ್ಸಿರ್ತೀವಿ ಕಣವ್ವಾ. ಗಾಜಿಗೆ ಅಂತ ಯೋಳಿದ್ರೆ ಕೊಡ್ತಿದ್ನಾ ನಾನು?"

ಮಾರನೆಯ ಮಧ್ಯಾಹ್ನ ಅಕ್ಕ ಬಂದಳು. ನಾನು ಕನ್ನಡಿಯನ್ನು ಮೊದಲಿನಂತೆಯೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ.  ಅವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಉಗುರು ಸಂದಿ ಉಜ್ಜಿದಳು. ಮತ್ತೊಮ್ಮೆ ತೊಳೆದಳು. ಇನ್ನೊಮ್ಮೆ ತೊಳೆಯಲಿ, ಸಂಜೆಯವರೆಗೂ ತೊಳೆಯುತ್ತಲೇ ಇರಲಿ ಎಂದು ಬೇಡಿಕೊಂಡೆ. ಬಟ್ಟೆ ಬಿಚ್ಚಿ ಕಿಟಕಿಗೆ ಹಿಡಿದಳು.

"ಎಷ್ಟೊತ್ತು ಉಜ್ಜಿದೆ?"

"ಅರ್ಧ ಗಂಟೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಪುಡಿಯ ಡಬ್ಬಗಳನ್ನು ಸಾಲಾಗಿಟ್ಟು, ಎರಡು ತಿಂಗಳ ಹಿಂದೆ ಕೆಲಸ ಮುಗಿಸಿ ಮುಚ್ಚಿಟ್ಟಿದ್ದ ಒರಟು ಪುಡಿಯ ಡಬ್ಬವನ್ನು ಮತ್ತೆ ತೆರೆದಳು. ಹದಿನೆಂಟು ದಿನ ಡ್ರಮ್ ಸುತ್ತಿದಳು. ಅರಿಶಿನದ ದಿನ ಬೆಳಿಗ್ಗೆಯೂ ಸುತ್ತಿದಳು. ಗೀರು ಹೋಗಲಿಲ್ಲ. ಮದುವೆಯಾಗಿ ಮೂಗೂರಿಗೆ ಹೊರಡುವಾಗ ಗಾಜನ್ನು ನನ್ನ ಮಡಿಲಿಗಿಟ್ಟು, "ನೀನೇ ಮುಗಿಸು. ಅವಸರ ಮಾಡಿದ್ರೆ ಕೈ ಮುರೀತೀನಿ" ಎಂದಳು. ಕಣ್ಣುಗಳು ಕೆಂಪಾಗಿದ್ದವು.

ಹನ್ನೊಂದು ತಿಂಗಳು ಹಿಡಿಯಿತು. ರಾಳವನ್ನು ಆರು ಸಲ ಚೆಲ್ಲಿದೆ.

ಟೆಲಿಸ್ಕೋಪನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಮೂಗೂರಿಗೆ ಹೋದೆ. ಹೊತ್ತು ಮುಳುಗಿತ್ತು. ತದಿಗೆ ಚಂದ್ರ ತೆಂಗಿನ ಗರಿಗಳಿಂದ ನಾಲ್ಕು ಬೆರಳು ಮೇಲಿದ್ದ. ತಾರಸಿಯಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು. "ಅಯ್ಯೋ, ಅದೇನೇ ಅದು, ಗುಂಡಿ ಗುಂಡಿ..." ಎನ್ನುವಷ್ಟರಲ್ಲಿ ಕೆಳಗಿನಿಂದ ಅತ್ತೆಯ ಕೂಗು. ಮುದ್ದೆಗೆ ಎಸರು ಕುದಿಯುತ್ತಿತ್ತು.

"ಹಿಡ್ಕೊಂಡಿರೇ, ಬಂದೆ."

ಟೆಲಿಸ್ಕೋಪಿನಲ್ಲಿ ಚಂದ್ರ ನಿಲ್ಲುವುದಿಲ್ಲ, ಜಾರಿಕೊಂಡು ಹೋಗುತ್ತಾನೆ. ನಾನು ಟ್ಯೂಬನ್ನು ನೂಲಿನಷ್ಟೇ ಸರಿಸುತ್ತಾ, ಅವಳಿಗಾಗಿ ಅವನನ್ನು ನಡುವಿನಲ್ಲೇ ಹಿಡಿದುಕೊಂಡು ನಿಂತೆ. ನಮ್ಮ ಹಿತ್ತಲಲ್ಲಾಗಿದ್ದರೆ ಅವಳನ್ನು ಯಾರೂ ಕೂಗುತ್ತಿರಲಿಲ್ಲ. ಕೆಳಗೆ ತಟ್ಟೆ ಇಡುವ ಸದ್ದು, ಗಂಡಸರ ಮಾತು, ನೀರು ಕೇಳುವ ದನಿ. ಚಂದ್ರ ಗರಿಗಳ ಸಂದಿಗಿಳಿದ. ಆಮೇಲೆ ಅಲ್ಲೂ ಕಾಣಲಿಲ್ಲ. ನಾನು ಕೈ ತೆಗೆಯಲಿಲ್ಲ.