ನಮ್ಮ ಬಸ್ಸಿನವರೆಲ್ಲ ನಕ್ಕ ದಿನ

೧೯೮೯ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಮೊದಲು ಬಸ್ಸು ತೊಳೆದೆ, ಆಮೇಲೆ ಕಂಡಕ್ಟರನಾದೆ. ಪಡೀಲಿನಿಂದ ಹಂಪನಕಟ್ಟೆಗೆ ದಿನಾ ಬರುವವರಲ್ಲಿ ಯಾರ ಮನೆಯಲ್ಲಿ ಬೆಳಿಗ್ಗೆ ಜಗಳವಾಗಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದೆ. ಯಾರ ಮುಂದೆಯೂ ಕೈ ಚಾಚದೆ ಮಗಳನ್ನು ಡಿಗ್ರಿಗೆ ಸೇರಿಸಿದೆ. ನನ್ನ ಬಸ್ಸಿನಲ್ಲೇ ಕಾಲೇಜಿಗೆ ಬರುತ್ತಿದ್ದಳು.

ಎರಡನೇ ವರ್ಷದಲ್ಲಿ ಅವಳು, ಬಸ್ಸಿನವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನತೊಡಗಿದಳು. ನಾನು ಊದುವ ವಿಸಿಲ್ ಅವರಿಗೆ ಸನ್ನೆಯಂತೆ. ಮೊದಲು ಬೈದೆ. ಊಟ, ನಿದ್ದೆ ಎರಡನ್ನೂ ಬಿಟ್ಟು ಮೂಲೆ ಹಿಡಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಮೆದುಳಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಸಂಪರ್ಕ ಹದ ತಪ್ಪಿರಬಹುದು ಎಂದರು ಡಾಕ್ಟರಮ್ಮ. ಹಾಗಾದರೆ ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು ಕಷ್ಟ. ಯಾರೋ ಸುಮ್ಮನೆ ನಕ್ಕರೂ ತನ್ನನ್ನೇ ಹಾಸ್ಯ ಮಾಡಿದ ಹಾಗೆ ಕಾಣುತ್ತದಂತೆ. ಸ್ಕ್ಯಾನಿನಲ್ಲಿ ಜಾಗ ತೋರಿಸಿ ಎಂದೆ. ಒಬ್ಬರ ಸ್ಕ್ಯಾನ್ ನೋಡಿ ಇಲ್ಲೇ ಎಂದು ಬೆರಳಿಡುವಷ್ಟು ಇನ್ನೂ ಗೊತ್ತಾಗಿಲ್ಲ ಎಂದರು. ಇದು ಆರಂಭ, ಮಾತ್ರೆ ಬಿಡಬಾರದು, ಅವಳಿಗೆ ಸುಳ್ಳು ಹೇಳಬಾರದು, ಇಷ್ಟೇ. ರಸ್ತೆ ಬಂದಾದರೆ ಬಸ್ಸನ್ನು ಯಾವ ಕಡೆಯಿಂದ ತರಬೇಕೆಂದು ನನಗೆ ಗೊತ್ತು. ಇದಕ್ಕೆ ಎಂತ ಮಾಡುವುದು?

ಎರಡು ತಿಂಗಳಲ್ಲಿ ಸ್ವಲ್ಪ ಗುಣ ಕಂಡಿತು. ನಾಳೆ ಕಾಲೇಜಿಗೆ ಬರ್ತೇನೆ ಎಂದಳು. ಆ ಸಂತೋಷದಲ್ಲಿ ನಾನು ದಿನಾ ಬರುವ ಏಳೆಂಟು ಜನರಿಗೆ, ಮಗಳಿಗೆ ಹುಷಾರಿಲ್ಲ, ಅವಳನ್ನು ಕಂಡರೆ ಸ್ವಲ್ಪ ನಗಿ ಎಂದು ಹೇಳಿಟ್ಟೆ. ಮೀನು ಮಾರುವ ಅಕ್ಕ ಬುಟ್ಟಿ ಸರಿಸಿಕೊಂಡು ಹೇಳಿದಳು: "ಅಷ್ಟಕ್ಕೆ ಹೇಳ್ಬೇಕಾ ಮಾರಾಯ? ನಿನ್ನ ಈ ಮೋರೆ ನೋಡಿಯೇ ನಾವು ದಿನಾ ನಗುವುದಿಲ್ವಾ?"

ಮರುದಿನ ಮಗಳು ಹತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ನಕ್ಕರು. ಯಾವತ್ತೂ ತಲೆ ಎತ್ತದ ವಾಚ್‌ಮನ್ ಕೂಡ ತಿರುಗಿ ನಕ್ಕ. ನಾನು ವಿಸಿಲ್ ಊದಿದೆ. ಮುಂದಿನ ಸ್ಟಾಪಿನಲ್ಲಿ ಅವಳು ಇಳಿದುಹೋದಳು.

ಆ ವಾರ ಡಾಕ್ಟರಮ್ಮನ ಎದುರೇ ಕೇಳಿದಳು: "ಅಪ್ಪ, ನೀವು ಬಸ್ಸಿನವರತ್ರ ನನ್ನ ವಿಷಯ ಹೇಳಿದ್ದು ಉಂಟಾ, ಇಲ್ವಾ?"

"ಉಂಟು ಮಗಾ. ಒಳ್ಳೆಯದಕ್ಕೇ ಹೇಳಿದ್ದು."

"ಹಾಗಾದ್ರೆ ನನಗೆ ಕಂಡದ್ದು ಸರಿಯೇ ಅಲ್ವಾ? ಮತ್ತೆ ಮಾತ್ರೆ ಎಂತಕ್ಕೆ?"

ಅಪ್ಪನ ಪೆದ್ದತನ ಬೇರೆ, ಕಾಯಿಲೆ ಬೇರೆ ಎಂದು ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಮಗಳು ತಲೆ ಆಡಿಸಿದಳು. ಕಣ್ಣು ಮಾತ್ರ ವಿಸಿಲ್ ಇದ್ದ ನನ್ನ ಜೇಬಿನ ಮೇಲೆಯೇ ಇತ್ತು.

ಅಂದಿನಿಂದ ನಾನು ಕೊಟ್ಟ ಮಾತ್ರೆಯನ್ನು ಅವಳು ಮುಟ್ಟುವುದಿಲ್ಲ. ತಾಯಿ ಕೊಟ್ಟರೆ ಕೆಲವು ದಿನ ನುಂಗುತ್ತಾಳೆ. ನಮ್ಮ ಮನೆ ರಸ್ತೆಯ ಬದಿಯಲ್ಲೇ. ಅವಳಿಗೆ ವಿಸಿಲ್ ಕೇಳಬಾರದೆಂದು ಬಸ್ಸಿನ ತಗಡಿಗೆ ಕೈಯಿಂದ ಬಡಿದೇ ಡ್ರೈವರನಿಗೆ ಹೊರಡಲು ಹೇಳುತ್ತೇನೆ.

ಈಗ ನನ್ನಲ್ಲಿರುವುದು ಸ್ವಂತ ಮನೆ ಒಂದು, ಖಾಕಿ ಅಂಗಿ ಎರಡು, ಊದದ ವಿಸಿಲ್ ಒಂದು, ವಾರಕ್ಕೆ ಮೂರು ದಿನ ಮಾತ್ರೆ ನುಂಗುವ ಮಗಳು ಒಬ್ಬಳು.